ಕಾಸರಗೋಡಿನವರು ವಿಮಾನ ನೋಡುವುದಕ್ಕೆ ಎಲ್ಲಿ ಹೋಗಿ ನಿಲ್ಲಬೇಕು?

ಕುಂಬಳೆಯ ಸೋದರಮಾವ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಏಳನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ತಂದೆ ಕೊಲ್ಲಿಯಲ್ಲಿ ಕೆಲಸದಲ್ಲಿರುವುದರಿಂದ ಅವರನ್ನು ಕರೆತರುವುದಕ್ಕೂ ಬಿಟ್ಟುಬರುವುದಕ್ಕೂ ನಾವು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಹೋಗುವುದುಂಟು. ಕಳೆದ ಸಲ ಹುಡುಗ ಆಗಮನದ ಬಾಗಿಲಿನೆದುರು ಎರಡು ಗಂಟೆ ಕಾದು ನಿಂತಿದ್ದರೂ ಒಂದು ವಿಮಾನವನ್ನಾದರೂ ಕಣ್ಣಾರೆ ಕಾಣಲಿಲ್ಲ. ಕಟ್ಟಡದ ಆಚೆಯಿಂದ ಸದ್ದು ಮಾತ್ರ ಕೇಳಿಸುತ್ತಿತ್ತು. ಮನೆಗೆ ಬಂದ ಮೇಲೆ ಅವನು ಇನ್ನೂರು ಪುಟದ ಒಂದು ಪುಸ್ತಕ ಇಟ್ಟುಕೊಂಡು, ರಾತ್ರಿ ಜಗಲಿಯಲ್ಲಿ ಕೂತು, ಕಂಗಿನ ತೋಟದ ಮೇಲೆ ಹಾದುಹೋಗುವ ದೀಪಗಳ ಸಮಯ, ದಿಕ್ಕು, ಬಣ್ಣ ಎಲ್ಲವನ್ನೂ ಬರೆಯತೊಡಗಿದ್ದಾನೆ. ಆ ಪುಸ್ತಕವನ್ನು ನೋಡಿದಾಗ ಇವನಿಗೆ ಒಂದು ದಿನವನ್ನು ಇದಕ್ಕೆಂದೇ ಮೀಸಲಿಡಬೇಕು ಎಂದು ನನಗೆ ಅನ್ನಿಸಿತು.

ಕ್ರಿಸ್‌ಮಸ್ ರಜೆಯಲ್ಲಿ ಅವನನ್ನು ಕರೆದುಕೊಂಡು ಹೋಗುವ ಯೋಚನೆಯಿದೆ. ಕುಂಬಳೆಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಹೊರಟು, ಕತ್ತಲಾಗುವ ಮುಂಚೆ ಮನೆ ಸೇರುವಂತಿರಬೇಕು. ಮಂಗಳೂರೋ ಕಣ್ಣೂರೋ, ಎಲ್ಲಿ ನಿಂತರೆ ಕಾಣುತ್ತದೆ, ಎಷ್ಟು ಹೊತ್ತಿಗೆ ಹೋಗಬೇಕು, ಕ್ಯಾಮೆರಾ ಹಿಡಿದುಕೊಂಡು ನಿಂತರೆ ಯಾರಾದರೂ ಆಕ್ಷೇಪಿಸುತ್ತಾರೆಯೇ, ಈ ವಿಷಯಗಳನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮಂಜೇಶ್ವರದ ಕಡಲಕರೆ:

ಹುಡುಗನ ಪುಸ್ತಕದ ವಿಷಯ ಓದಿ ಬಹಳ ಸಂತೋಷವಾಯಿತು. ನಾನು ಹದಿನೈದು ವರ್ಷಗಳಿಂದ ಮಂಗಳೂರಿನ ವಿಮಾನಗಳನ್ನು ನೋಡುತ್ತ ಬಂದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಂಗಳೂರಿನಲ್ಲಿ ವಿಮಾನ ಕಾಣದಿರುವುದಕ್ಕೆ ನಿಮ್ಮ ಅದೃಷ್ಟ ಕಾರಣವಲ್ಲ, ನೆಲದ ರಚನೆ ಕಾರಣ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಆರಂಭವಾದ ಈ ನಿಲ್ದಾಣ ಗುಡ್ಡೆಯ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಹಳೆಯ ರನ್‌ವೇಯ ಉದ್ದ 1615 ಮೀಟರ್; ಈಗ ಜೆಟ್ ವಿಮಾನಗಳು ಬಳಸುವ 2450 ಮೀಟರ್ ಉದ್ದದ ರನ್‌ವೇ 2006ರಲ್ಲಿ ಬಳಕೆಗೆ ಬಂತು. ಮೇಜಿನ ಹಲಗೆಯಂತೆ ಎತ್ತರದಲ್ಲಿರುವ ಈ ರನ್‌ವೇಯ ಬದಿಗಳಲ್ಲಿ ನೆಲ ಕಣಿವೆಗೆ ಇಳಿಯುತ್ತದೆ. ಆದ್ದರಿಂದ ಕೆಳಗಿನ ರಸ್ತೆಯಲ್ಲಿ ನಿಂತವರಿಗೆ ರನ್‌ವೇಯಲ್ಲಿ ಓಡುತ್ತಿರುವ ವಿಮಾನ ಕಾಣುವುದೇ ಇಲ್ಲ. ಗುಡ್ಡೆಯ ಅಂಚಿನಿಂದ ಅದು ಮೇಲೇಳುವ ಕ್ಷಣದಲ್ಲಿ ಹೊಟ್ಟೆ ಮಾತ್ರ ಕಾಣುತ್ತದೆ, ಅಷ್ಟರಲ್ಲಿ ಮರಗಳ ಹಿಂದೆ ಹೋಗಿಬಿಡುತ್ತದೆ.

ಹಾಗಾಗಿ ಬಜ್ಪೆ, ಕೆಂಜಾರು ಕಡೆಯ ಬೇಲಿಯ ಸುತ್ತ ಅಲೆದಾಡುವುದರಲ್ಲಿ ಫಲ ಕಡಿಮೆ. ಬದಲಿಗೆ ರನ್‌ವೇಯ ಗೆರೆಯನ್ನು ಮನಸ್ಸಿನಲ್ಲಿಯೇ ನೈಋತ್ಯಕ್ಕೆ, ಅಂದರೆ ಕಡಲಿನ ಕಡೆಗೆ, ಉದ್ದಕ್ಕೆ ಎಳೆದುಕೊಂಡು ಹೋಗಿ. ಅದು ಪಣಂಬೂರು ಮತ್ತು ತಣ್ಣೀರುಬಾವಿಯ ಆಸುಪಾಸಿನಲ್ಲಿ ಕಡಲನ್ನು ಸೇರುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಕೋನದಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ ರನ್‌ವೇಗೆ ಹತ್ತು ಕಿಲೋಮೀಟರ್ ಇರುವಾಗ ಅದು ರನ್‌ವೇ ಮಟ್ಟಕ್ಕಿಂತ ಸುಮಾರು 520 ಮೀಟರ್ ಮೇಲಿರುತ್ತದೆ. ನಿಲ್ದಾಣವೇ ಸಮುದ್ರಮಟ್ಟಕ್ಕಿಂತ ನೂರು ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಕಡಲತೀರದಲ್ಲಿ ನಿಂತವರಿಗೆ ವಿಮಾನ ಆರುನೂರು ಮೀಟರ್ ಎತ್ತರದಲ್ಲಿ ಹೋಗುತ್ತದೆ. ಸಾಧಾರಣ ಬೈನಾಕ್ಯುಲರ್ ಇದ್ದರೆ ಚಕ್ರಗಳನ್ನೂ ಬಾಲದ ಚಿತ್ರವನ್ನೂ ಸ್ಪಷ್ಟವಾಗಿ ಗುರುತಿಸಬಹುದು. ಮರ, ಕಟ್ಟಡ, ಬೇಲಿ ಯಾವುದೂ ಅಡ್ಡ ಬರುವುದಿಲ್ಲ. ಯಾರ ಅನುಮತಿಯೂ ಬೇಕಿಲ್ಲದ ಸಾರ್ವಜನಿಕ ತೀರ ಅದು.

ಹೋಗುವ ದಾರಿಯೂ ಸುಲಭ. ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ಸುಲ್ತಾನ್ ಬತ್ತೇರಿಗೆ ಹೋದರೆ ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಸೇರಬಹುದು. ಹುಡುಗನಿಗೆ ದೋಣಿಯ ಪ್ರಯಾಣವೂ ಆದಂತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಹತ್ತಿರದಲ್ಲಿಯೇ ನವಮಂಗಳೂರು ಬಂದರು ಇರುವುದರಿಂದ ಕ್ಯಾಮೆರಾವನ್ನು ಬಂದರಿನ ಕಡೆಗೆ ಹಿಡಿಯಬೇಡಿ, ಆಕಾಶದ ಕಡೆಗೆ ಮಾತ್ರ ಹಿಡಿಯಿರಿ.

ನೀರ್ಚಾಲು ಮಾಷ್ಟ್ರು:

ಕಡಲಕರೆಯವರು ಜಾಗವನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ಜಾಗ ಗೊತ್ತಿದ್ದರೆ ಸಾಲದು, ಆ ದಿನದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ತಿಳಿದಿರಬೇಕು. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಗಾಳಿ ತಿರುಗಿದರೆ ನೀವು ನಿಂತ ಜಾಗದಲ್ಲಿ ಇಳಿಯುವ ವಿಮಾನದ ಬದಲು ಏರುವ ವಿಮಾನ ಕಾಣುತ್ತದೆ.

ರನ್‌ವೇಯ ಎರಡು ತುದಿಗಳಲ್ಲಿ ದೊಡ್ಡದಾಗಿ ಬರೆದಿರುವ ಅಂಕೆಗಳು ದಿಕ್ಸೂಚಿಯ ಕೋನವನ್ನು ಹತ್ತರಿಂದ ಭಾಗಿಸಿ ಪಡೆದವು. ಮಂಗಳೂರಿನ ಮುಖ್ಯ ರನ್‌ವೇಯ ಒಂದು ತುದಿ 06, ಇನ್ನೊಂದು 24. ಅಂದರೆ 24ರಲ್ಲಿ ಹೋಗುವ ವಿಮಾನ ಸುಮಾರು 240 ಡಿಗ್ರಿಗೆ, ನೈಋತ್ಯದ ಕಡಲಿಗೆ, ಮುಖ ಮಾಡಿರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಗಾಳಿ ಕಡಲಿನಿಂದ ಬರುವುದರಿಂದ ವಿಮಾನಗಳು ಒಳನಾಡಿನ ಕಡೆಯಿಂದ ಬಂದು ಇಳಿದು, ಕಡಲಿನ ಕಡೆಗೆ ಏರುತ್ತವೆ. ಡಿಸೆಂಬರ್, ಜನವರಿಯಲ್ಲಿ ಕಥೆ ಬೇರೆ. ರಾತ್ರಿ ತಣ್ಣಗಾದ ನೆಲದಿಂದ ಬೆಳಗಿನ ಹೊತ್ತು ಗಾಳಿ ಕಡಲಿನತ್ತ ಹರಿಯುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದು ತಿರುಗಿ ಕಡಲಗಾಳಿಯಾಗುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಬೆಳಿಗ್ಗೆ ಕಡಲಿನ ಮೇಲಿನಿಂದ ಇಳಿಯುವ ವಿಮಾನಗಳನ್ನು ಕಾಣುವ ಸಾಧ್ಯತೆ ಹೆಚ್ಚು. ಗಾಳಿ ತೀರ ಮಂದವಾಗಿದ್ದರೆ ಯಾವ ತುದಿಯನ್ನು ಬಳಸಬೇಕೆಂಬುದನ್ನು ನಿಲ್ದಾಣದ ವಿಮಾನ ಸಂಚಾರ ನಿಯಂತ್ರಕರು ಇತರ ಅನುಕೂಲಗಳನ್ನು ನೋಡಿಕೊಂಡು ನಿರ್ಧರಿಸುತ್ತಾರೆ ಎಂಬುದನ್ನೂ ನೆನಪಿಡಬೇಕು.

ಹೊರಡುವ ಮೊದಲು ಗಾಳಿಯನ್ನು ತಿಳಿದುಕೊಳ್ಳುವುದು ಸಾಧ್ಯ. ವಿಮಾನ ನಿಲ್ದಾಣಗಳು ನಿಯಮಿತವಾಗಿ ಹೊರಡಿಸುವ ಹವಾಮಾನ ವರದಿಗೆ ಮೆಟಾರ್ ಎಂದು ಹೆಸರು. ಮಂಗಳೂರಿನ ಸಂಕೇತ ವಿಒಎಂಎಲ್. ಅದರಲ್ಲಿ 24010 ಎಂಬ ಐದು ಅಂಕೆಗಳ ಗುಂಪು ಕಂಡರೆ, 240 ಡಿಗ್ರಿ ದಿಕ್ಕಿನಿಂದ ಹತ್ತು ನಾಟ್, ಅಂದರೆ ಗಂಟೆಗೆ ಸುಮಾರು ಹದಿನೆಂಟೂವರೆ ಕಿಲೋಮೀಟರ್, ವೇಗದ ಗಾಳಿ ಬರುತ್ತಿದೆ ಎಂದು ಅರ್ಥ. ಹುಡುಗನಿಗೆ ಇದನ್ನು ಕಲಿಸಿಕೊಡಿ. ಏಳನೆಯ ತರಗತಿಯ ಕೋನಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಸಿಕ್ಕಿಲ್ಲ.

ಬಿಸಿಲಿನ ವಿಷಯವೂ ಇದೆ. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಆಸುಪಾಸು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣದಲ್ಲಿ. ಡಿಸೆಂಬರ್‌ನಲ್ಲಿ ವಿಮಾನದ ದಾರಿಗೆ ದಕ್ಷಿಣದ ಬದಿಯಲ್ಲಿ ನಿಂತರೆ ಬೆಳಕು ನಿಮ್ಮ ಬೆನ್ನಿಗಿರುತ್ತದೆ; ಉತ್ತರದಲ್ಲಿ ನಿಂತರೆ ವಿಮಾನ ಬರಿಯ ಕಪ್ಪು ನೆರಳಾಗಿ ಕಾಣುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಕಾದ ನೆಲದ ಬಿಸಿಗಾಳಿ ದೂರದ ಚಿತ್ರವನ್ನು ನೀರಿನಲ್ಲಿ ಕಂಡಂತೆ ಕದಲಿಸಿಬಿಡುತ್ತದೆ, ಆದ್ದರಿಂದ ಬೇಗ ಹೊರಡಿ.

ಉಪ್ಪಳದವ, ಈಗ ಶಾರ್ಜಾದಲ್ಲಿ:

ಮಾಷ್ಟ್ರೇ, ನಿಮ್ಮ ವಿವರಣೆ ಬಹಳ ಉಪಯುಕ್ತವಾಗಿದೆ. ನಾನು ಹುಡುಗನಿಗಾಗಿ ಗುರುತು ಹಿಡಿಯುವ ಕ್ರಮವನ್ನು ಬರೆಯುತ್ತೇನೆ, ಏಕೆಂದರೆ ಯಾವ ವಿಮಾನ ಎಂದು ಗೊತ್ತಾದರೆ ನೋಡುವ ಸುಖ ಹತ್ತು ಪಾಲು ಹೆಚ್ಚುತ್ತದೆ.

ಮಂಗಳೂರಿನಲ್ಲಿ ಹೊಟ್ಟೆ ಮಾತ್ರ ಕಾಣುತ್ತದೆ ಎಂದು ಬೇಸರಪಡುವ ಅಗತ್ಯವಿಲ್ಲ. ಹೊಟ್ಟೆಯಿಂದಲೇ ಗುರುತಿಸಬಹುದು. ಬೋಯಿಂಗ್ 737ರ ಮುಖ್ಯ ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲುಗಳಿಲ್ಲ. ಚಕ್ರ ಮಡಚಿದ ಮೇಲೂ ಎರಡು ದುಂಡು ಕಪ್ಪು ಟೈರುಗಳು ಹೊಟ್ಟೆಯಲ್ಲಿ ಎದ್ದು ಕಾಣುತ್ತವೆ. ಏರ್‌ಬಸ್ ಎ320ರಲ್ಲಿ ಬಾಗಿಲು ಮುಚ್ಚಿಕೊಂಡು ಹೊಟ್ಟೆ ನುಣುಪಾಗುತ್ತದೆ. ಬದಿಯಿಂದ ಕಂಡರೆ ಬಾಲದ ಬುಡವನ್ನು ನೋಡಿ: 737ರಲ್ಲಿ ಲಂಬ ಬಾಲಕ್ಕೆ ಮುಂದೆ ಇಳಿಜಾರಾದ ಒಂದು ಮೂಲೆ ಇರುತ್ತದೆ, ಎ320ರಲ್ಲಿ ಬಾಲ ನೇರವಾಗಿ ದೇಹದಿಂದ ಏಳುತ್ತದೆ. ಎಟಿಆರ್ 72 ಕಂಡರೆ ಸಂಶಯವೇ ಬೇಡ. ರೆಕ್ಕೆ ದೇಹದ ಮೇಲ್ಭಾಗದಲ್ಲಿ, ಬಾಲ ಇಂಗ್ಲಿಷ್ ಟಿ ಅಕ್ಷರದಂತೆ, ಪ್ರತಿ ಪ್ರೊಪೆಲ್ಲರಿಗೆ ಆರು ಎಲೆಗಳು. ಅದರ ಚಿತ್ರ ತೆಗೆಯುವಾಗ ಶಟರ್ ವೇಗವನ್ನು 1/250 ಸೆಕೆಂಡಿಗೆ ಅಥವಾ ಇನ್ನೂ ಕೆಳಗೆ ಇಳಿಸಬೇಕು, ಇಲ್ಲವಾದರೆ ಪ್ರೊಪೆಲ್ಲರ್ ನಿಂತುಹೋದಂತೆ ಕಾಣುತ್ತದೆ. ಜೆಟ್ ವಿಮಾನಕ್ಕೆ 1/1000 ಇಟ್ಟುಕೊಳ್ಳಬಹುದು.

ವಿಮಾನದ ಮೈಮೇಲಿನ ನೋಂದಣಿ ಅಕ್ಷರಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಈ ಹವ್ಯಾಸದ ಹಳೆಯ ಪದ್ಧತಿ. ಭಾರತದ ವಿಮಾನಗಳದ್ದು ವಿಟಿ ಎಂದು ಆರಂಭವಾಗುತ್ತದೆ, ಯುಎಇಯದ್ದು ಎ6, ಕತಾರಿನದ್ದು ಎ7, ಕುವೈತಿನದ್ದು 9ಕೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನಗಳಲ್ಲಿ ಬಾಲದ ಚಿತ್ರ ಒಂದರಂತೆ ಇನ್ನೊಂದಿಲ್ಲ. ಹಳೆಯ 737-800ಗಳಲ್ಲಂತೂ ಬಾಲದ ಎಡಕ್ಕೆ ಒಂದು ಚಿತ್ರ, ಬಲಕ್ಕೆ ಮತ್ತೊಂದು ಇರುತ್ತಿತ್ತು. 2023ರಿಂದ ಬಂದ ಹೊಸ ಬಣ್ಣದ ವಿಮಾನಗಳ ಬಾಲದಲ್ಲಿ ಬಾಂಧನಿ ಮೊದಲಾದ ಸೀರೆ, ಬಟ್ಟೆಗಳ ವಿನ್ಯಾಸಗಳಿವೆ. ಮಕ್ಕಳಿಗೆ ಇವನ್ನು ಸಂಗ್ರಹಿಸುವುದು ಬಹಳ ಇಷ್ಟವಾಗುತ್ತದೆ.

ಇಲ್ಲಿ ಕೊಲ್ಲಿಯಲ್ಲಿರುವ ನಮ್ಮ ಊರಿನ ಗೆಳೆಯರಿಗೆ ಒಂದು ಮಾತು. ಇಲ್ಲಿ ವಿಮಾನಗಳು ಎಷ್ಟು ಬಗೆಯವಾದರೂ ನಿಲ್ದಾಣದ ಬಳಿ ಕ್ಯಾಮೆರಾ, ದೂರದರ್ಶಕ ಹಿಡಿದು ನಿಲ್ಲಬೇಡಿ. ಅನುಮತಿಯಿಲ್ಲದೆ ವಿಮಾನ ನಿಲ್ದಾಣಗಳ ಚಿತ್ರ ತೆಗೆಯುವುದನ್ನು ಇಲ್ಲಿ ಗಂಭೀರವಾದ ಅಪರಾಧವಾಗಿ ನೋಡುತ್ತಾರೆ. ಯುರೋಪಿನಲ್ಲಿಯೂ ಇಂಥದು ನಡೆದಿದೆ: 2001ರಲ್ಲಿ ಗ್ರೀಸಿನ ಕಲಮಾಟಾ ಎಂಬಲ್ಲಿ ವಾಯುನೆಲೆಯ ಪ್ರದರ್ಶನ ನೋಡಲು ಹೋಗಿದ್ದ ಬ್ರಿಟನ್ನಿನ ಮತ್ತು ನೆದರ್ಲೆಂಡ್ಸಿನ ಹವ್ಯಾಸಿಗಳನ್ನು ಗೂಢಚಾರರೆಂದು ಬಂಧಿಸಿ, 2002ರ ಏಪ್ರಿಲ್‌ನಲ್ಲಿ ಶಿಕ್ಷೆಯನ್ನೂ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅವರೆಲ್ಲ ನಿರ್ದೋಷಿಗಳೆಂದು ತೀರ್ಪಾದದ್ದು ಅದೇ ವರ್ಷದ ಕೊನೆಯಲ್ಲಿ. ಅವರ ಕೈಯಲ್ಲಿದ್ದದ್ದು ಈ ಹುಡುಗನ ಪುಸ್ತಕದಂಥ ಪುಸ್ತಕಗಳೇ.

ಕುಂಬಳೆಯ ಸೋದರಮಾವ:

ಇಷ್ಟೊಂದು ವಿಷಯ ಸಿಗುತ್ತದೆಂದು ಎಣಿಸಿರಲಿಲ್ಲ. ಹುಡುಗ ಎಲ್ಲವನ್ನೂ ಓದಿ, ಟೈರು ಕಾಣುವ ವಿಷಯವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾನೆ. ಗ್ರೀಸಿನ ಸುದ್ದಿಯನ್ನು ಓದಿದ ಅವನ ಅಮ್ಮನಿಗೆ ಮಾತ್ರ ಆತಂಕವಾಗಿದೆ. ನಮ್ಮ ದೇಶದಲ್ಲಿ ನಿಯಮ ಏನು ಹೇಳುತ್ತದೆ ಎಂದು ತಿಳಿದವರು ಹೇಳಿದರೆ ಉಪಕಾರವಾದೀತು.

ಹೊಸೂರಿನ ಕನ್ನಡಿಗ:

ತಮಿಳುನಾಡಿನ ಹೊಸೂರಿನಿಂದ ಬರೆಯುತ್ತಿದ್ದೇನೆ. 1937ರ ವಿಮಾನ ನಿಯಮಗಳ 13ನೆಯ ನಿಯಮ ಸರಕಾರಿ ವಿಮಾನ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ನಿರ್ಬಂಧಿಸುತ್ತದೆ. ಸೇನೆಯ ನೆಲೆಗಳು ಮತ್ತು ಸೇನೆ, ನಾಗರಿಕ ಸೇವೆ ಎರಡೂ ಒಟ್ಟಿಗಿರುವ ಗೋವಾದ ದಾಬೋಲಿಂ, ಪುಣೆಯಂಥ ನಿಲ್ದಾಣಗಳ ಹತ್ತಿರ ಕ್ಯಾಮೆರಾ ಹೊರಗೆ ತೆಗೆಯಲೇಬಾರದು. ದೂರದ ಸಾರ್ವಜನಿಕ ಜಾಗದಲ್ಲಿ ನಿಂತು ಆಕಾಶದಲ್ಲಿ ಹೋಗುವ ವಿಮಾನವನ್ನು ನೋಡುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ, ಆದರೆ ಬೇಲಿಯ ಬುಡದಲ್ಲಿ ಉದ್ದದ ಲೆನ್ಸ್ ಹಿಡಿದು ನಿಂತವರನ್ನು ಕಾವಲುಗಾರರು ವಿಚಾರಿಸದೆ ಬಿಡುವುದಿಲ್ಲ, ಬಿಡಲೂಬಾರದು.

ನನಗೇ ಒಮ್ಮೆ ಹಾಗಾಯಿತು. ಒಂದು ನಿಲ್ದಾಣದ ಹಿಂಬದಿಯ ರಸ್ತೆಯಲ್ಲಿ ಬೈಕು ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದಾಗ ಭದ್ರತಾ ಸಿಬ್ಬಂದಿ ಬಂದು, ನನ್ನನ್ನು ಎರಡೂವರೆ ಗಂಟೆ ಕೂರಿಸಿ, ಕ್ಯಾಮೆರಾದ ಕಾರ್ಡಿನಲ್ಲಿದ್ದ ಎಲ್ಲವನ್ನೂ ಅಳಿಸಿಹಾಕಿದರು. ವಿಮಾನದ ಚಿತ್ರಗಳ ಜೊತೆಗೆ ನನ್ನ ತಂಗಿಯ ಸೀಮಂತದ ಚಿತ್ರಗಳೂ ಹೋದವು. ಅವರು ಸಭ್ಯವಾಗಿಯೇ ಮಾತನಾಡಿಸಿದರು, ಆದರೂ ಆ ಚಿತ್ರಗಳು ಮರಳಿ ಬರಲಿಲ್ಲ. ಅಂದಿನಿಂದ ನಾನು ಈ ಕೆಲಸಕ್ಕೆ ಖಾಲಿ ಕಾರ್ಡನ್ನೇ ಒಯ್ಯುತ್ತೇನೆ, ಗುರುತಿನ ಚೀಟಿ ಕಿಸೆಯಲ್ಲಿರುತ್ತದೆ, ಯಾರಾದರೂ ಕೇಳಿದರೆ ತೆಗೆದ ಚಿತ್ರಗಳನ್ನು ನಾನಾಗಿಯೇ ತೋರಿಸುತ್ತೇನೆ. ಡ್ರೋನ್ ಹಾರಿಸುವ ಯೋಚನೆಯಂತೂ ನಿಲ್ದಾಣದ ಹತ್ತಿರ ಯಾರಿಗೂ ಬರಬಾರದು. ಪೈಲಟ್ ಮತ್ತು ನಿಯಂತ್ರಕರ ಮಾತುಗಳನ್ನು ರೇಡಿಯೋದಲ್ಲಿ ಆಲಿಸುವುದು ಕೆಲವು ದೇಶಗಳಲ್ಲಿ ಸಾಮಾನ್ಯವಾದರೂ ನಮ್ಮಲ್ಲಿ ಪರವಾನಗಿಯಿಲ್ಲದೆ ಮಾಡುವಂತಿಲ್ಲ.

ಮುಂದೆ ಎಂದಾದರೂ ಬೆಂಗಳೂರಿನ ಕಡೆ ಬಂದರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ 2019ರಿಂದ ಎರಡು ರನ್‌ವೇಗಳಿವೆ, ಅಗಲ ದೇಹದ ದೊಡ್ಡ ವಿಮಾನಗಳು ದಿನವೂ ಬರುತ್ತವೆ. ಹಳೆಯ ವಿಮಾನಗಳನ್ನು ಕೈಗೆ ಎಟಕುವಷ್ಟು ಹತ್ತಿರದಿಂದ ನೋಡಬೇಕಾದರೆ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನದಲ್ಲಂತೂ ಚಿತ್ರ ತೆಗೆಯುವುದಕ್ಕೆ ಯಾವ ಅಳುಕೂ ಬೇಡ. ಚೆನ್ನೈಗೆ ಹೋದರೆ ನಿಲ್ದಾಣದ ಹತ್ತಿರದ ಗುಡ್ಡವಾದ ಪರಂಗಿಮಲೆಯ (ಸೇಂಟ್ ಥಾಮಸ್ ಮೌಂಟ್) ಮೆಟ್ಟಿಲು ಹತ್ತಿ ಸಂಜೆ ಕುಳಿತುಕೊಳ್ಳಿ, ಇಳಿಯುವ ವಿಮಾನಗಳು ಕಣ್ಣೆದುರೇ ಹೋಗುತ್ತವೆ.

ಅಕ್ಕಲಕೋಟೆ ರಸ್ತೆ:

ಸೊಲ್ಲಾಪುರ ಜಿಲ್ಲೆಯವನು ನಾನು. ನಮ್ಮಲ್ಲಿ ನೋಡುವುದಕ್ಕೆ ವಿಮಾನಗಳು ಬಹಳ ಕಡಿಮೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಎಂಬ್ರೇರ್ ಎಂಬ ಬ್ರೆಜಿಲ್ ದೇಶದ ಚಿಕ್ಕ ಜೆಟ್ಟುಗಳನ್ನು ನೋಡುವ ಆಸೆಯಿದ್ದವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಬರಬಹುದು. ಬೆಳಗಾವಿಯ ಸಾಂಬ್ರಾ ನಿಲ್ದಾಣವನ್ನು 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿತು. ಅಲ್ಲಿ ಈಗಲೂ ವಾಯುಪಡೆಯ ತರಬೇತಿ ಕೇಂದ್ರವಿರುವುದರಿಂದ ಹೊಸೂರಿನವರು ಹೇಳಿದ ಎಚ್ಚರಿಕೆ ಅಲ್ಲಿಗೂ ಅನ್ವಯಿಸುತ್ತದೆ.

ಆದೋನಿಯ ಓದುಗ:

ಆಂಧ್ರದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕರ್ನೂಲಿನ ಓರ್ವಕಲ್ಲು ನಿಲ್ದಾಣ 2021ರ ಮಾರ್ಚ್‌ನಲ್ಲಿ ಆರಂಭವಾಯಿತು. ರನ್‌ವೇ ಎರಡು ಸಾವಿರ ಮೀಟರ್, ಬರುವ ವಿಮಾನಗಳು ಬೆರಳೆಣಿಕೆಯವು. ಆದರೆ ನಮ್ಮದು ಬಯಲುಸೀಮೆ. ನಿಮ್ಮಂತೆ ಗುಡ್ಡೆ, ತೋಟ ಅಡ್ಡ ಇಲ್ಲದ ಕಾರಣ ಎಟಿಆರ್ ಒಂದು ದಿಗಂತದಲ್ಲಿ ಚುಕ್ಕೆಯಾಗಿ ಕಾಣಿಸಿಕೊಂಡದ್ದರಿಂದ ಹಿಡಿದು ಬಹಳ ಹೊತ್ತು ಕಣ್ಣಿನಿಂದ ಮರೆಯಾಗುವುದಿಲ್ಲ. ದಿನಕ್ಕೆ ಒಂದನ್ನೇ ಪೂರ್ತಿಯಾಗಿ ನೋಡುವುದರಲ್ಲಿಯೂ ನನಗೆ ತೃಪ್ತಿಯಿದೆ.

ಪೈವಳಿಕೆಯ ಗುಡ್ಡೆ:

ನಿಲ್ದಾಣಕ್ಕೆ ಹೋಗುವ ಮಾತೆಲ್ಲ ಆಯಿತು. ಹುಡುಗ ಮನೆಯ ಜಗಲಿಯಲ್ಲಿ ಕುಳಿತು ಬರೆಯುವ ದೀಪಗಳ ವಿಷಯವನ್ನು ಯಾರೂ ಮುಟ್ಟಲಿಲ್ಲ, ಅದು ನನಗೆ ಬಹಳ ಹಿಡಿಸಿದ ಭಾಗ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲರೆಕ್ಕೆಯ ತುದಿಯಲ್ಲಿ ಹಸಿರು, ಹಿಂದುಗಡೆ ಬಿಳಿ. ಕೆಂಪು ನಿಮ್ಮ ಬಲಕ್ಕೂ ಹಸಿರು ನಿಮ್ಮ ಎಡಕ್ಕೂ ಕಂಡರೆ ವಿಮಾನ ನಿಮ್ಮತ್ತ ಬರುತ್ತಿದೆ; ಒಂದೇ ಬಣ್ಣ ಕಂಡರೆ ಅಡ್ಡವಾಗಿ ಹೋಗುತ್ತಿದೆ. ಇದನ್ನು ತಿಳಿದುಕೊಂಡರೆ ಅವನ ಪುಸ್ತಕದ ಹಳೆಯ ಪುಟಗಳಿಗೂ ಅರ್ಥ ಬರುತ್ತದೆ.

ಫ್ಲೈಟ್‌ರಾಡಾರ್24 ಎಂಬ ಆ್ಯಪ್‌ನಲ್ಲಿ ಆ ದೀಪ ಯಾವ ವಿಮಾನದ್ದೆಂದು ಆಗಲೇ ನೋಡಬಹುದು. ವಿಮಾನಗಳು ತಮ್ಮ ಸ್ಥಾನ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ತಾವಾಗಿಯೇ ಬಿತ್ತರಿಸುತ್ತಿರುತ್ತವೆ. ನೆಲದ ಮೇಲೆ ಅಲ್ಲಲ್ಲಿ ಹವ್ಯಾಸಿಗಳು ಇಟ್ಟಿರುವ ಗ್ರಾಹಕಗಳು ಅದನ್ನು ಹಿಡಿದು ಕಳುಹಿಸುತ್ತವೆ. ರಾತ್ರಿ ನಮ್ಮ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವವುಗಳಲ್ಲಿ ಕೊಲ್ಲಿಗೂ ಆಗ್ನೇಯ ಏಷ್ಯಾಕ್ಕೂ ನಡುವಿನ ವಿಮಾನಗಳಿರುತ್ತವೆ. ಆಕಾಶ ತಿಳಿಯಾಗಿರುವ ಸಂಜೆ ಪೊಸಡಿ ಗುಂಪೆಗೆ ಹತ್ತಿದರೆ ಮಂಗಳೂರಿನ ಕಡೆಗೆ ಇಳಿಯುತ್ತಿರುವ ವಿಮಾನದ ದೀಪಗಳು ದೂರದಿಂದಲೇ ಕಾಣುತ್ತವೆ. ಹತ್ತುವಾಗ ಹುಲ್ಲಿನಲ್ಲಿ ಜಾರುತ್ತದೆ, ಇಳಿಯುವಾಗ ಟಾರ್ಚು ಬೇಕು.

ಕಣ್ಣೂರಿನ ಬಗ್ಗೆಯೂ ಒಂದು ಮಾತು. ಮಟ್ಟನ್ನೂರಿನ ಆ ನಿಲ್ದಾಣ 2018ರ ಡಿಸೆಂಬರ್ 9ರಂದು ಆರಂಭವಾಯಿತು. ರನ್‌ವೇ 3050 ಮೀಟರ್, ಅಂದರೆ ಮಂಗಳೂರಿನದಕ್ಕಿಂತ 600 ಮೀಟರ್ ಉದ್ದ. ಆದ್ದರಿಂದ ಮಂಗಳೂರಿಗೆ ಬಾರದ ಅಗಲ ದೇಹದ ವಿಮಾನಗಳು ಹಜ್ ಯಾತ್ರೆಯ ಕಾಲದಲ್ಲಿ ಅಲ್ಲಿಗೆ ಬಂದಿವೆ. ಆದರೆ ಕುಂಬಳೆಯಿಂದ ಹೋಗಿ ಬರುವುದಕ್ಕೇ ದಿನದ ಬಹುಪಾಲು ಬೇಕು. ಮೊದಲ ಸಲಕ್ಕೆ ತಣ್ಣೀರುಬಾವಿಯೇ ಸರಿ.

ಬದಿಯಡ್ಕದ ಅಕ್ಕ:

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಹುಡುಗನ ಉತ್ಸಾಹಕ್ಕೆ ಎಲ್ಲರೂ ನೀರೆರೆಯುತ್ತಿರುವುದು ಸಂತೋಷದ ವಿಷಯ. ಒಂದು ವಿಷಯವನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ನಮ್ಮ ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳವರು ಅದರಲ್ಲಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಅಂದು ಬೆಳಿಗ್ಗೆ ಬರುವವರಿಗಾಗಿ ಪತ್ರೊಡೆ ಬೇಯಿಸಿಟ್ಟಿದ್ದರು. ಈಗಲೂ ಆ ಮನೆಯ ಅಜ್ಜಿ ವಿಮಾನದ ಸದ್ದು ಕೇಳಿದರೆ ಒಳಗೆ ಹೋಗಿ ಕೂರುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕೆಂಜಾರಿನ ಆ ಕಣಿವೆಯನ್ನು ಒಳ್ಳೆಯ ನೋಟದ ಜಾಗವೆಂದು ಯಾರೂ ಸೂಚಿಸಬೇಡಿ. ಇದುವರೆಗೆ ಯಾರೂ ಸೂಚಿಸಿಲ್ಲ, ಅದಕ್ಕೆ ಧನ್ಯವಾದ. ನೀವು ಹೋಗುವ ತಣ್ಣೀರುಬಾವಿಗೂ ಕೂಳೂರಿಗೂ ನಡುವಿನ ರಸ್ತೆಯಲ್ಲಿ, ಫಲ್ಗುಣಿ ಹೊಳೆಯ ಬದಿಯಲ್ಲಿ, ಆ ದಿನ ತೀರಿಕೊಂಡವರ ಸ್ಮಾರಕ ಉದ್ಯಾನವಿದೆ. ಸಮಯವಿದ್ದರೆ ಹುಡುಗನನ್ನು ಅಲ್ಲಿಗೂ ಒಮ್ಮೆ ಕರೆದೊಯ್ಯಿರಿ. ವಿಮಾನವನ್ನು ಇಷ್ಟಪಡುವವರಿಗೆ ಅದೂ ತಿಳಿದಿರಬೇಕು.

ಮಂಜೇಶ್ವರದ ಕಡಲಕರೆ:

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಬೇಲಿಯ ಸುತ್ತ ಹೋಗಬೇಡಿ ಎಂದು ನಾನು ಹೇಳುವಾಗ ಆ ಕಣಿವೆಯೂ ನನ್ನ ಮನಸ್ಸಿನಲ್ಲಿತ್ತು, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಇದಕ್ಕೆ ಸೇರಿದಂತೆ ಇನ್ನೊಂದು ವಿಷಯ. ನಿಲ್ದಾಣದ ಸುತ್ತ ಎಲ್ಲಿ ನಿಂತರೂ ತಿಂಡಿಯ ಎಂಜಲನ್ನು, ಮೀನಿನ ಮುಳ್ಳನ್ನು ಎಸೆಯಬಾರದು. ಅದಕ್ಕೆ ಗಿಡುಗಗಳು, ಕಾಗೆಗಳು ಸೇರುತ್ತವೆ, ಎಂಜಿನ್ನಿಗೆ ಸಿಕ್ಕಿದ ಒಂದು ಹಕ್ಕಿ ದೊಡ್ಡ ಅನಾಹುತ ಮಾಡಬಲ್ಲದು. ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಬಯಲಿನಲ್ಲಿ ಪ್ರಾಣಿಗಳನ್ನು ಕಡಿಯುವುದನ್ನೂ ಕಸ ಎಸೆಯುವುದನ್ನೂ ವಿಮಾನ ನಿಯಮಗಳು ನಿಷೇಧಿಸಿರುವುದು ಇದೇ ಕಾರಣಕ್ಕೆ. ತಣ್ಣೀರುಬಾವಿ ಕೂಡ ಆ ಹತ್ತು ಕಿಲೋಮೀಟರ್‌ಗಳ ಅಂಚಿನಲ್ಲಿಯೇ ಇದೆ.

ನನ್ನ ಬಹುಕಾಲದ ಒಂದು ಬೇಡಿಕೆಯನ್ನೂ ಇಲ್ಲಿ ಬರೆದಿಡುತ್ತೇನೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್‌ನಲ್ಲಿ, ಟೋಕಿಯೋದ ಹನೇಡಾದಲ್ಲಿ ಪ್ರಯಾಣಿಕರಲ್ಲದವರೂ ನಿಂತು ವಿಮಾನ ನೋಡುವ ತಾರಸಿಗಳಿವೆ. ಹಿಂದೆ ನಮ್ಮ ದೇಶದ ಅನೇಕ ನಿಲ್ದಾಣಗಳಲ್ಲಿಯೂ ಚೀಟಿ ಪಡೆದು ಹೋಗುವ ಸಂದರ್ಶಕರ ಗ್ಯಾಲರಿಗಳಿದ್ದವು. ಮನೆಮಂದಿಯನ್ನು ಕೊಲ್ಲಿಗೆ ಕಳುಹಿಸಿ ಕಣ್ಣೊರೆಸಿಕೊಳ್ಳುವ ನಮ್ಮ ಜನರಿಗೆ, ಆ ವಿಮಾನ ಮೇಲೇರುವ ತನಕ ನೋಡುವುದಕ್ಕೆ ಗಾಜಿನ ಹಿಂದೆ ಒಂದಿಷ್ಟು ಜಾಗ ಇರಬೇಕು. ಕಾವಲಿನೊಳಗೆ, ಗುರುತಿನ ಚೀಟಿ ಪಡೆದು ಒಳಬಿಟ್ಟರೆ ಭದ್ರತೆಯವರಿಗೂ ಬೇಲಿಯ ಬಳಿ ಜನ ಸೇರುವ ತೊಂದರೆ ತಪ್ಪುತ್ತದೆ. ಇದನ್ನು ಮಂಗಳೂರಿನ ನಿಲ್ದಾಣದವರಿಗೆ ಬರೆದು ಕಳುಹಿಸಲು ಸಿದ್ಧರಿರುವವರು ಇಲ್ಲಿ ತಿಳಿಸಿ, ಒಟ್ಟಿಗೆ ಒಂದು ಮನವಿ ಬರೆಯೋಣ.

ನೀರ್ಚಾಲು ಮಾಷ್ಟ್ರು:

ಮನವಿಗೆ ನನ್ನ ಸಹಿಯೂ ಇರಲಿ. ಕನ್ನಡ, ಮಲಯಾಳ ಎರಡರಲ್ಲಿಯೂ ಬರೆದುಕೊಡುತ್ತೇನೆ. ಕಣ್ಣೂರಿಗೂ ಕಳುಹಿಸಬಹುದು.

ಕುಂಬಳೆಯ ಸೋದರಮಾವ:

ನಿನ್ನೆ ಹೋಗಿ ಬಂದೆವು. ವರದಿ ಒಪ್ಪಿಸದಿದ್ದರೆ ಹುಡುಗ ಬಿಡುವುದಿಲ್ಲ.

ಬೆಳಗಿನ ರೈಲಿನಲ್ಲಿ ಹೊರಟು, ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ, ಎಂಟೂವರೆಗೆ ತಣ್ಣೀರುಬಾವಿಯ ಮರಳಿನಲ್ಲಿ ಚಾಪೆ ಹಾಸಿ ಕುಳಿತೆವು. ಮೆಟಾರ್ ನೋಡಿದಾಗ ಗಾಳಿ 070 ಡಿಗ್ರಿಯಿಂದ, ನಾಲ್ಕು ನಾಟ್. ಕಡಲಿನ ಕಡೆಯಿಂದಲೇ ಬರುತ್ತದೆ ಎಂದು ಹುಡುಗ ಖಚಿತವಾಗಿ ಹೇಳಿದ. ಒಂಬತ್ತರ ಹೊತ್ತಿಗೆ ನೀರಿನ ಮೇಲೆ, ಬಹಳ ದೂರದಲ್ಲಿ, ಒಂದು ಬಿಳಿ ದೀಪ ಕಾಣಿಸಿತು. ಅದು ಬಹಳ ಹೊತ್ತು ಇದ್ದಲ್ಲಿಯೇ ಇದ್ದಂತೆ ತೋರಿತು. ಆಮೇಲೆ ಒಂದು ದೀಪ ಎರಡಾಯಿತು, ದೀಪಗಳ ನಡುವೆ ಮೂಗು ಮೂಡಿತು, ರೆಕ್ಕೆಗಳು ಮೂಡಿದವು. ಸದ್ದು ಇನ್ನೂ ಬಂದಿರಲಿಲ್ಲ. ಬೆಳಗಿನ ಬಿಸಿಲು ನಮ್ಮ ಬೆನ್ನಿನಿಂದ ಹೋಗಿ ನೇರವಾಗಿ ಅದರ ಮುಖದ ಮೇಲೆ ಬಿದ್ದಿತ್ತು, ಕಾಕ್‌ಪಿಟ್‌ನ ಗಾಜು ಒಮ್ಮೆ ಮಿಂಚಿತು. ನಮ್ಮ ತಲೆಯ ಮೇಲಲ್ಲ, ಉತ್ತರಕ್ಕೆ ಸರಿದು, ಚಕ್ರಗಳನ್ನು ಇಳಿಬಿಟ್ಟುಕೊಂಡು ಹಾದುಹೋಯಿತು. ಬಲೆ ಬಿಡಿಸುತ್ತ ಕುಳಿತಿದ್ದ ಒಬ್ಬರು ಹಿರಿಯರು ತಲೆ ಎತ್ತಿ ನೋಡಿ, ಹುಡುಗನನ್ನು ಕರೆದು, ಮಳೆಗಾಲದಲ್ಲಿ ಇವು ಈ ಕಡೆಯಿಂದ ಬರುವುದಿಲ್ಲ ಎಂದರು. ಮಾಷ್ಟ್ರು ಬರೆದದ್ದನ್ನೇ ಅವರು ಕಡಲಿನಲ್ಲಿದ್ದು ಕಲಿತಿದ್ದರು.

ಹೀಗೆ ಮೂರು ವಿಮಾನಗಳು ಇಳಿದವು. ಹನ್ನೊಂದೂವರೆಗೆ ನನ್ನ ಟೊಪ್ಪಿ ಹಾರಿ ಹಿಂದಕ್ಕೆ ಬಿತ್ತು, ಗಾಳಿ ಕಡಲಿನಿಂದ ಬೀಸತೊಡಗಿತ್ತು. ಆಮೇಲೆ ಕಂಡ ಎರಡು ವಿಮಾನಗಳೂ ಏರುವವು. ಬೆಳಗಿನವಕ್ಕಿಂತ ಎಷ್ಟೋ ಎತ್ತರದಲ್ಲಿ ಕಡಲನ್ನು ದಾಟಿದವು. ಹಿಂದಿರುಗುವಾಗ ಅಕ್ಕ ಹೇಳಿದ ಉದ್ಯಾನಕ್ಕೂ ಹೋದೆವು. ಹುಡುಗ ಅಲ್ಲಿ ಪುಸ್ತಕ ತೆರೆಯಲಿಲ್ಲ.

ಅವನದೊಂದು ಪ್ರಶ್ನೆ ಉಳಿದಿದೆ. ಏರಿದ ಎರಡನೆಯ ವಿಮಾನದ ಹೊಟ್ಟೆಯಲ್ಲಿ ಎರಡು ಕಪ್ಪು ಟೈರುಗಳು ಕಂಡವು, ಆದ್ದರಿಂದ ಅದು 737 ಎಂದು ಬರೆದಿದ್ದಾನೆ. ಆದರೆ ರೆಕ್ಕೆಯ ತುದಿ ಮೇಲಕ್ಕೊಂದು, ಕೆಳಕ್ಕೊಂದು ಎಂದು ಎರಡಾಗಿ ಸೀಳಿತ್ತಂತೆ. ಉಪ್ಪಳದವರು ಹೇಳಿದ 737-800 ಇದೇ ಹೌದೇ?

ಉಪ್ಪಳದವ, ಈಗ ಶಾರ್ಜಾದಲ್ಲಿ:

ಅಲ್ಲ, ಅದು 737 ಮ್ಯಾಕ್ಸ್ 8 ಆಗಿರಬೇಕು. ಸೀಳಿದ ರೆಕ್ಕೆಯ ತುದಿ ಅದರ ಗುರುತು. ಕೆಲವು ಹಳೆಯ 800ಗಳಿಗೂ ಅಂಥ ತುದಿಯನ್ನು ಆಮೇಲೆ ಜೋಡಿಸಿರುವುದುಂಟು, ಆದ್ದರಿಂದ ಇನ್ನೊಂದು ಗುರುತನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು: ಮ್ಯಾಕ್ಸ್‌ನ ಎಂಜಿನ್ನಿನ ಹಿಂಬದಿಯ ಅಂಚು ಗರಗಸದ ಹಲ್ಲುಗಳಂತೆ ಇರುತ್ತದೆ. ಹುಡುಗ ತೆಗೆದ ಚಿತ್ರವಿದ್ದರೆ ದೊಡ್ಡದು ಮಾಡಿ ನೋಡಲಿ. ಹಲ್ಲುಗಳು ಕಂಡರೆ ಪುಸ್ತಕದಲ್ಲಿ ಮ್ಯಾಕ್ಸ್ ಎಂದು ತಿದ್ದಲಿ, ಹಳೆಯದನ್ನು ಅಳಿಸದೆ ಪಕ್ಕದಲ್ಲಿಯೇ ಬರೆಯಲಿ.

ಕುಂಬಳೆಯ ಸೋದರಮಾವ:

ಹಲ್ಲುಗಳಿವೆ. ತಿದ್ದಿದ್ದಾನೆ.